ಬೇಳೆ ಮಿಲ್ಲಿನ ಜಾಲತಾಣಕ್ಕೆ ವರ್ಡ್‌ಪ್ರೆಸ್: ಕಲಬುರಗಿಯಿಂದ ಒಂದು ಬಳಕೆಯ ವಿಮರ್ಶೆ

ಕಲಬುರಗಿಯಲ್ಲಿರುವ ನಮ್ಮ ಬೇಳೆ ಮಿಲ್ಲಿನ ಜಾಲತಾಣವನ್ನು 2020ರ ಆಗಸ್ಟ್‌ನಿಂದ, ಜಾಲತಾಣ ಕಟ್ಟಿ ನಡೆಸಲು ಬಳಸುವ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ನಾನೇ ನಡೆಸುತ್ತಿದ್ದೇನೆ. ಆಯಾ ದಿನ ನಾವು ತೊಗರಿ ಕೊಳ್ಳುವ ದರ, ಫಟ್ಕಾ ಎಂಬ ದರ್ಜೆಯ ತೊಗರಿ ಬೇಳೆಯ ಮಾರಾಟ ದರ, ದನಗಳ ಮೇವಿಗೆ ಹೋಗುವ ಹೊಟ್ಟು ಮತ್ತು ಚುನ್ನಿ (ಬೇಳೆ ಒಡೆಯುವಾಗ ಉಳಿಯುವ ನುಚ್ಚು-ಪುಡಿ) ಎಷ್ಟಿದೆ ಎಂಬ ಮಾಹಿತಿ, ಬಿಡಿ ಗ್ರಾಹಕರು ಬೇಳೆ ತರಿಸಿಕೊಳ್ಳುವ ವಿವರ, ಇಷ್ಟೇ ಅದರಲ್ಲಿರುವುದು, ಅಷ್ಟೂ ಕನ್ನಡದಲ್ಲಿದೆ. ನಾನು ಕಂಪ್ಯೂಟರ್ ವಿಷಯ ಓದಿದವನಲ್ಲ, ವಾಣಿಜ್ಯ ಪದವಿ ಮುಗಿಸಿ ಅಪ್ಪನ ವ್ಯಾಪಾರಕ್ಕೆ ಬಂದವನು. ಸಣ್ಣ ವ್ಯಾಪಾರಕ್ಕೆ ಸ್ವಂತದ್ದೊಂದು ಕನ್ನಡ ಜಾಲತಾಣ ಬೇಕೆಂದುಕೊಂಡು, ಯಾರನ್ನು ಕೇಳುವುದೆಂದು ತಿಳಿಯದೆ ಕುಳಿತಿರುವವರಿಗೆ ಈ ಬರಹ ಉಪಯೋಗವಾಗಲಿ ಎಂಬುದು ನನ್ನ ಆಸೆ.

ಇದಕ್ಕೆ ಮೊದಲು ನಮಗೊಂದು ಜಾಲತಾಣವಿತ್ತು. 2016ರಲ್ಲಿ ಒಂದು ಸಂಸ್ಥೆಯವರು ಮಾಡಿಕೊಟ್ಟಿದ್ದರು. ಅವರ ಹೆಸರು ಇಲ್ಲಿ ಬೇಡ. ನೋಡಲು ಚೆನ್ನಾಗಿತ್ತು, ಆದರೆ ಒಂದು ದರ ಬದಲಿಸಬೇಕಾದರೂ ಅವರಿಗೆ ಫೋನ್ ಮಾಡಿ ಎರಡು ದಿನ ಕಾಯಬೇಕಿತ್ತು. ಅದನ್ನು ಸಹಿಸಿಕೊಂಡಿದ್ದೆವು. ಸಹಿಸಲಾಗದ ಸಂಗತಿ ನಡೆದದ್ದು 2020ರ ಬೇಸಿಗೆಯಲ್ಲಿ. ಡೊಮೈನ್ ಹೆಸರನ್ನು, ಅಂದರೆ ತಾಣದ ವಿಳಾಸವನ್ನು, ಅವರು ನಮ್ಮ ಹೆಸರಿನಲ್ಲಿ ನೋಂದಾಯಿಸದೆ ತಮ್ಮ ಹೆಸರಿನಲ್ಲಿ, ತಮ್ಮದೇ ಇಮೇಲ್ ಕೊಟ್ಟು ನೋಂದಾಯಿಸಿಕೊಂಡಿದ್ದರು. ಸಂಸ್ಥೆ ಮುಚ್ಚಿಹೋಯಿತು, ನವೀಕರಣದ ಸೂಚನೆಗಳೆಲ್ಲ ಆ ಇಮೇಲ್‌ಗೇ ಹೋಗಿ ಅಲ್ಲೇ ಉಳಿದವು, ಅವಧಿ ಮುಗಿದ ಹೆಸರನ್ನು ಬೇರೆ ಯಾರೋ ಕೊಂಡುಬಿಟ್ಟರು. ಅಷ್ಟರಲ್ಲಿ ಆ ವಿಳಾಸ ನಮ್ಮ ಬೇಳೆಯ ಚೀಲಗಳ ಮೇಲೆ ಅಚ್ಚಾಗಿತ್ತು, ಗೋದಾಮಿನಲ್ಲಿ ಒಂಬತ್ತು ಸಾವಿರ ಖಾಲಿ ಚೀಲಗಳಿದ್ದವು. ಲಾಕ್‌ಡೌನ್ ಸಡಿಲಗೊಂಡ ಮೇಲೆ ಇಬ್ಬರು ಕೆಲಸಗಾರರು ಕುಳಿತು ಒಂದೊಂದೇ ಚೀಲ ಎಳೆದುಕೊಂಡು, ಆ ಒಂದು ಸಾಲಿನ ಮೇಲೆ ಕಪ್ಪು ಶಾಯಿಯ ಪಟ್ಟಿ ಬಳಿಯುತ್ತಿದ್ದುದನ್ನು ನೋಡುತ್ತ ನಿಂತಿದ್ದಾಗ, ಮುಂದಿನ ಜಾಲತಾಣದಲ್ಲಿ ಬೇರೇನು ಇಲ್ಲದಿದ್ದರೂ ಸರಿ, ಅದು ನಮ್ಮದಾಗಿರಲೇಬೇಕು ಎಂದು ನಿಶ್ಚಯಿಸಿದೆ. ವರ್ಡ್‌ಪ್ರೆಸ್ ಅನ್ನು ನಾನು ಅಳೆದದ್ದು ಆ ಅಳತೆಗೋಲಿನಿಂದಲೇ.

ವರ್ಡ್‌ಪ್ರೆಸ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಹೊಸಬರು ಎಡವುವುದು ಇಲ್ಲಿಯೇ. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಆಟೋಮ್ಯಾಟಿಕ್ ಎಂಬ ಕಂಪನಿ ನಡೆಸುವ ಸೇವೆ. ಅಲ್ಲಿ ಜಾಗ ಅವರದು, ನಿರ್ವಹಣೆ ಅವರದು, ಕಟ್ಟಿದ ಬಾಡಿಗೆಗೆ ತಕ್ಕಷ್ಟು ಸೌಲಭ್ಯ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಿಂದ ಇಳಿಸಿಕೊಳ್ಳುವುದು ತಂತ್ರಾಂಶ ಮಾತ್ರ. ಅದನ್ನು ನಾವು ಜಾಲತಾಣಕ್ಕೆ ಜಾಗ ಬಾಡಿಗೆ ಕೊಡುವ, ನಮಗೆ ಬೇಕಾದ ಹೋಸ್ಟಿಂಗ್ ಕಂಪನಿಯ ಸರ್ವರ್‌ನಲ್ಲಿ ಇಟ್ಟುಕೊಂಡು ನಾವೇ ನೋಡಿಕೊಳ್ಳಬೇಕು. ನಾನು ಬಳಸುತ್ತಿರುವುದು ಈ ಎರಡನೆಯದನ್ನು. ಇದು ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬಿಬ್ಬರಿಂದ 2003ರ ಮೇ 27ರಂದು ಬಿಡುಗಡೆಯಾಯಿತು. ಬಿ2 ಎಂಬ ಹಳೆಯ ತಂತ್ರಾಂಶದ ಕೆಲಸ ನಿಂತುಹೋಗಿದ್ದಾಗ, ಅದು ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿದ್ದ ಕಾರಣ ಅದನ್ನೇ ಎತ್ತಿಕೊಂಡು ಮುಂದುವರಿಸಲು ಇವರಿಗೆ ಸಾಧ್ಯವಾಯಿತು. ವರ್ಡ್‌ಪ್ರೆಸ್ ಕೂಡ ಅದೇ ಪರವಾನಗಿಯಲ್ಲಿದೆ: ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಜಗತ್ತಿನ ಜಾಲತಾಣಗಳಲ್ಲಿ ಹತ್ತಕ್ಕೆ ನಾಲ್ಕಾದರೂ ಇದರ ಮೇಲೆ ನಡೆಯುತ್ತಿವೆ. ನಮ್ಮ ಮಟ್ಟಿಗೆ ಆ ಸಂಖ್ಯೆಯ ಪ್ರಯೋಜನವೇನೆಂದರೆ, ಕೆಟ್ಟಾಗ ಸರಿಪಡಿಸಬಲ್ಲವರು ಕಲಬುರಗಿಯಲ್ಲೂ ಸಿಗುತ್ತಾರೆ.

ಅಳವಡಿಕೆ ಕಷ್ಟವೇನಲ್ಲ. ಹೋಸ್ಟಿಂಗ್ ಕಂಪನಿಯ ಫಲಕದಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಹತ್ತು ನಿಮಿಷದಲ್ಲಿ ಖಾಲಿ ತಾಣ ಸಿದ್ಧವಾಗುತ್ತದೆ. ಭಾಷೆಯನ್ನು ಕನ್ನಡ ಎಂದು ಆರಿಸಿದರೆ ಒಳಗಿನ ಪಟ್ಟಿಗಳೆಲ್ಲ ಬಹುಮಟ್ಟಿಗೆ ಕನ್ನಡದಲ್ಲಿ ಬರುತ್ತವೆ. ಅನುವಾದ ಸ್ವಯಂಸೇವಕರ ಕೆಲಸವಾದ್ದರಿಂದ ಅಲ್ಲಲ್ಲಿ ಇಂಗ್ಲಿಷ್ ಉಳಿದಿದೆ. ಈ ಆಯ್ಕೆಯಿಂದ ಇನ್ನೊಂದು ಕೆಲಸವೂ ಆಗುತ್ತದೆ. ಪುಟದ ಭಾಷೆ ಕನ್ನಡ ಎಂಬ ಗುರುತು ಪುಟದ ಸಂಕೇತದೊಳಗೆ ಸೇರುವುದರಿಂದ, ದೃಷ್ಟಿ ಇಲ್ಲದವರು ಬಳಸುವ ಓದುವ ತಂತ್ರಾಂಶ ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಬಲ್ಲದು.

ದರ ಹಾಕುವವರು ನಮ್ಮ ಮುನೀಮರು. ಅವರಿಗೆ ಅರವತ್ತೆರಡು ವರ್ಷ, ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಅವರಿಗೆ ಸಂಪಾದಕರ ಪಾತ್ರ ಕೊಟ್ಟಿದ್ದೇನೆ. ಬರಹಗಳನ್ನು ಸೇರಿಸಿ ತಿದ್ದಬಹುದು, ತಾಣದ ವಿನ್ಯಾಸಕ್ಕಾಗಲಿ ಪ್ಲಗಿನ್ ಎಂಬ ಹೆಚ್ಚುವರಿ ಜೋಡಣೆಗಳಿಗಾಗಲಿ ಕೈ ಹಾಕಲಾಗದು. 2018ರ ಡಿಸೆಂಬರ್‌ನಲ್ಲಿ 5.0 ಆವೃತ್ತಿಯೊಂದಿಗೆ ಬಂದ ಬ್ಲಾಕ್ ಸಂಪಾದಕವನ್ನು (ಬರಹವನ್ನು ತುಂಡುತುಂಡಾಗಿ ಜೋಡಿಸಿ ತಿದ್ದುವ ಸಾಧನ) ಅನೇಕರು ದೂರುತ್ತಾರೆ. ಹಳೆಯದು ಗೊತ್ತೇ ಇಲ್ಲದ ಕಾಕಾ ಮೊಬೈಲಿನಲ್ಲೇ ಕೋಷ್ಟಕದ ಒಂದು ಮನೆಯನ್ನು ಮುಟ್ಟಿ, ಹೊಸ ಅಂಕಿ ಒತ್ತಿ, ಉಳಿಸಿಬಿಡುತ್ತಾರೆ. ಒಮ್ಮೆ ಪೂರ್ತಿ ಕೋಷ್ಟಕವೇ ಅಳಿಸಿಹೋದಾಗ ಹಿಂದಿನ ಪರಿಷ್ಕರಣೆಯನ್ನು ತೆರೆದು ಅರ್ಧ ನಿಮಿಷದಲ್ಲಿ ಮರಳಿ ತಂದೆವು. ಪ್ರತಿ ಸಲ ಉಳಿಸಿದಾಗಲೂ ಅದರ ಒಂದು ನಕಲನ್ನು ವರ್ಡ್‌ಪ್ರೆಸ್ ಇಟ್ಟುಕೊಂಡಿರುತ್ತದೆ.

ಇನ್ನು ಕನ್ನಡದ ವಿಷಯ. ಇದನ್ನು ವಿವರವಾಗಿ ಬರೆಯಬೇಕಾಗಿದೆ, ಏಕೆಂದರೆ ಮೊದಲ ಆರು ತಿಂಗಳು ನಾನು ಕಷ್ಟಪಟ್ಟದ್ದು ಇದರಲ್ಲೇ. ಬರಹಕ್ಕೆ ಕನ್ನಡ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಆ ಶೀರ್ಷಿಕೆಯಿಂದಲೇ ಪುಟದ ವಿಳಾಸವನ್ನು ತಯಾರಿಸುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು, ವಿಳಾಸದೊಳಗೆ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಇಂಗ್ಲಿಷ್ ಅಕ್ಷರ ಇಲ್ಲವೇ ಅಂಕಿಗಳಾಗಿ ಬದಲಾಗುತ್ತದೆ. ಹೀಗಾಗಿ ‘ಕ’ ಎಂಬ ಒಂದೇ ಅಕ್ಷರ 9 ಚಿಹ್ನೆಗಳಾಗುತ್ತದೆ, ಕಾಗುಣಿತದ ಗುರುತುಗಳೂ ಪ್ರತ್ಯೇಕ ಸಂಕೇತಗಳಾದ್ದರಿಂದ ‘ತೊಗರಿ’ ಎಂಬ ಪದ 45 ಚಿಹ್ನೆಗಳಾಗುತ್ತದೆ. ವಿಳಾಸದಲ್ಲಿ ಶೀರ್ಷಿಕೆಯಿಂದ ಬರುವ ಭಾಗಕ್ಕೆ ವರ್ಡ್‌ಪ್ರೆಸ್ ಇಟ್ಟಿರುವ ಮಿತಿ 200 ಚಿಹ್ನೆಗಳು. ಇಂಗ್ಲಿಷಿಗೆ ಅದು ಧಾರಾಳ. ಕನ್ನಡಕ್ಕೆ 22 ಸಂಕೇತಗಳಾದ ಕೂಡಲೇ ಮುಗಿಯಿತು. ನಾನು ಕೊಟ್ಟ ಮೊದಲ ಶೀರ್ಷಿಕೆ ‘ಕಲಬುರಗಿ ತೊಗರಿ ಬೇಳೆಯ ಇಂದಿನ ದರ’ ಎಂಬುದಾಗಿತ್ತು. ಅದರ ವಿಳಾಸ ‘ಇಂದಿ’ ಎಂಬಲ್ಲಿಗೆ ತುಂಡಾಯಿತು. ಪ್ರತಿದಿನವೂ ಅದೇ ಶೀರ್ಷಿಕೆ ಇಟ್ಟದ್ದರಿಂದ ಪ್ರತಿದಿನದ ವಿಳಾಸವೂ ಅಲ್ಲೇ ತುಂಡಾಗಿ, ಕೊನೆಗೆ 2, 3, 4 ಎಂಬ ಬಾಲ ಮಾತ್ರ ಬೆಳೆಯುತ್ತ ಹೋಯಿತು. ಆ ಕೊಂಡಿಯನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಮೊಬೈಲಿನ ತೆರೆಯ ತುಂಬ ಶೇಕಡಾ ಚಿಹ್ನೆಗಳು. ಜೇವರ್ಗಿಯ ಒಬ್ಬ ಅಡತಿಯವರು ವೈರಸ್ ಇರಬಹುದೆಂದು ತೆರೆಯಲೇ ಇಲ್ಲ.

ಇದಕ್ಕೆ ಪರಿಹಾರ ಸರಳವಾಗಿದೆ, ಆದರೆ ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪ್ರಕಟಿಸುವ ಮುನ್ನ ವಿಳಾಸದ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘togari-dara’ ಎಂಬಂತೆ ಚಿಕ್ಕದಾಗಿ ನಾವೇ ಬರೆಯಬೇಕು. ಆಗಲೇ ಪ್ರಕಟವಾಗಿರುವ ಬರಹದ ವಿಳಾಸ ಬದಲಿಸಿದರೆ ಹಳೆಯ ಕೊಂಡಿಯಿಂದ ಬಂದವರನ್ನು ವರ್ಡ್‌ಪ್ರೆಸ್ ತಾನಾಗಿ ಹೊಸ ವಿಳಾಸಕ್ಕೆ ಕಳಿಸುತ್ತದೆ. ಆದರೆ ಈ ಸೌಲಭ್ಯ ಬರಹಗಳಿಗೆ ಮಾತ್ರ, ‘ಸಂಪರ್ಕ’, ‘ನಮ್ಮ ಬಗ್ಗೆ’ ಮುಂತಾದ ಪುಟಗಳಿಗೆ ಇಲ್ಲ. ಪುಟದ ವಿಳಾಸವನ್ನು ಒಮ್ಮೆ ಸರಿಯಾಗಿ ಯೋಚಿಸಿ ಇಟ್ಟು, ಮತ್ತೆ ಮುಟ್ಟದಿರುವುದು ಒಳ್ಳೆಯದು.

ಎರಡನೆಯ ತೊಂದರೆ ಥೀಮ್‌ಗಳದ್ದು, ಅಂದರೆ ತಾಣದ ರೂಪಕ್ಕೆ ಸಿಗುವ ಸಿದ್ಧ ವಿನ್ಯಾಸಗಳದ್ದು. ಅವುಗಳಲ್ಲಿ ಹೆಚ್ಚಿನವನ್ನು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿರುತ್ತಾರೆ. ಶೀರ್ಷಿಕೆಗಳ ಸಾಲುಗಳ ನಡುವೆ ಅಂತರ ತೀರ ಕಡಿಮೆ ಇರುವುದರಿಂದ ‘ರಾಷ್ಟ್ರೀಯ’ ಎಂಬಂಥ ಪದ ಬಂದರೆ ಷ-ಕಾರದ ಕೆಳಗಿನ ಎರಡು ಒತ್ತಕ್ಷರಗಳು ಮುಂದಿನ ಸಾಲಿನ ಗುಡಿಸು, ಏತ್ವಗಳಿಗೆ ಹೋಗಿ ತಾಗುತ್ತವೆ. ಕೆಲವು ಥೀಮ್‌ಗಳು ಅಕ್ಷರಗಳ ನಡುವಿನ ಅಂತರವನ್ನೂ ಹಿಗ್ಗಿಸುತ್ತವೆ. ರೋಮನ್ ಲಿಪಿಗೆ ಅದು ಅಲಂಕಾರ, ಕನ್ನಡದ ಪದ ಬಿಡಿಬಿಡಿಯಾಗಿ ಚೆದುರಿದಂತೆ ಕಾಣುತ್ತದೆ. ಪುಟದ ರೂಪವನ್ನು ತಿದ್ದುವ ಸೂಚನೆಗಳನ್ನು ಬರೆಯುವ ಹೆಚ್ಚುವರಿ ಸಿಎಸ್‌ಎಸ್ ಎಂಬ ಜಾಗದಲ್ಲಿ ಸಾಲಿನ ಎತ್ತರವನ್ನು 1.7ಕ್ಕೆ ಏರಿಸಿ, ಅಕ್ಷರಗಳ ಅಂತರವನ್ನು ಸೊನ್ನೆ ಮಾಡಿದ ಮೇಲೆ ನಮ್ಮ ತಾಣ ಓದುವಂತಾಯಿತು. ಫಾಂಟ್‌ಗೆ ನೋಟೋ ಸ್ಯಾನ್ಸ್ ಕನ್ನಡ ಬಳಸುತ್ತೇವೆ. 2024ರ ಏಪ್ರಿಲ್‌ನ 6.5 ಆವೃತ್ತಿಯಿಂದ ಫಾಂಟ್‌ಗಳನ್ನು ಸೇರಿಸುವ ಸೌಲಭ್ಯ ತಂತ್ರಾಂಶದೊಳಗೇ ಬಂದಿರುವುದು ನಿಜಕ್ಕೂ ದೊಡ್ಡ ಉಪಕಾರ. ಅಪ್ಪನ ಕಾಲದ ಕರಪತ್ರಗಳ ಪಠ್ಯವೆಲ್ಲ ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿತ್ತು. ಅದನ್ನು ಹಾಗೇ ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ನಮ್ಮ ಭಾಗದ ಬಹಳಷ್ಟು ಅಂಗಡಿ, ಸಂಘಗಳ ಕಡತಗಳು ಇನ್ನೂ ಅದೇ ಸ್ಥಿತಿಯಲ್ಲಿವೆ.

ಹುಡುಕುವ ಪೆಟ್ಟಿಗೆಯ ಬಗ್ಗೆ ನನಗೆ ಸಮಾಧಾನವಿಲ್ಲ. ವರ್ಡ್‌ಪ್ರೆಸ್ ತನ್ನೊಳಗಿನ ಹುಡುಕಾಟದಲ್ಲಿ ಪದದ ಅಕ್ಷರಗಳನ್ನು ಇದ್ದಹಾಗೆ ಹೋಲಿಸುತ್ತದೆ, ವ್ಯಾಕರಣ ಅದಕ್ಕೆ ತಿಳಿಯದು. ‘ತೊಗರಿ ಬೇಳೆ’ ಎಂದು ಬಿಡಿಸಿ ಹುಡುಕಿದರೆ ‘ತೊಗರಿಬೇಳೆ’ ಎಂದು ಕೂಡಿಸಿ ಬರೆದ ಪುಟವೂ ಸಿಗುತ್ತದೆ. ಆದರೆ ಕೂಡಿಸಿ ಹುಡುಕಿದರೆ ಬಿಡಿಸಿ ಬರೆದದ್ದು ಸಿಗುವುದಿಲ್ಲ. ‘ದರ’ ಎಂದು ಹುಡುಕಿದರೆ ‘ದರಗಳು’ ಸಿಗುತ್ತದೆ, ‘ದರಗಳು’ ಎಂದು ಹುಡುಕಿದರೆ ‘ದರ’ ಸಿಗುವುದಿಲ್ಲ. ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ನಮ್ಮ ಭಾಷೆಗೆ ಇದು ದೊಡ್ಡ ಕೊರತೆ. ಬಿತ್ತನೆಯ ಕಾಲದಲ್ಲಿ ರೈತರು ಟಿಎಸ್-3ಆರ್, ಜಿಆರ್‌ಜಿ-811 ಎಂಬ ತೊಗರಿ ತಳಿಗಳ ಹೆಸರು ಹಾಕಿ ಹುಡುಕುತ್ತಾರೆ. ನಡುವಿನ ಗೆರೆ ಬಿಟ್ಟರೆ ಫಲಿತಾಂಶ ಶೂನ್ಯ. ಈಗ ಪ್ರತಿ ಪುಟದ ಕೊನೆಗೆ ಆ ಹೆಸರುಗಳನ್ನು ಬರೆಯುವ ಎಲ್ಲ ರೀತಿಗಳನ್ನೂ ಒಂದು ಸಾಲಿನಲ್ಲಿ ಸೇರಿಸಿದ್ದೇನೆ. ಅಂದವಿಲ್ಲ, ಆದರೆ ಹುಡುಕಿದವರಿಗೆ ಪುಟ ಸಿಗುತ್ತಿದೆ.

ಬೆಳಗಿನ ದರದ ಸಂಗತಿಯನ್ನೂ ಹೇಳಬೇಕು. ಸುಗ್ಗಿಯ ದಿನಗಳಲ್ಲಿ ಹಿಂದಿನ ರಾತ್ರಿಯೇ ದರ ನಿಗದಿ ಮಾಡಿ, ಬೆಳಗಿನ 6 ಗಂಟೆಗೆ ಪ್ರಕಟವಾಗುವಂತೆ ಸಮಯ ಕೊಟ್ಟಿಡುತ್ತಿದ್ದೆ. ಒಂದು ದಿನ ಕಾಕಾ ಏಳಕ್ಕೇ ಫೋನ್ ಮಾಡಿದರು: “ತಮ್ಮಾ, ಇವತ್ತಿನ ರೇಟ್ ಬಂದೇ ಇಲ್ಲ ನೋಡು, ನಿನ್ನಿದೇ ಕಾಣ್ಲಾಕತ್ತದ. ಆಳಂದದವರು ಗಾಡಿ ತುಂಬಸ್ಲೋ ಬ್ಯಾಡೋ ಅಂತ ಕೇಳ್ಲಾಕತ್ತಾರ.” ನಾನು ತೆರೆದು ನೋಡುವಷ್ಟರಲ್ಲಿ ಹೊಸ ದರ ಬಂದಿತ್ತು. ವಾರವಿಡೀ ಹೀಗೆಯೇ ಆದ ಮೇಲೆ ಕಾರಣ ತಿಳಿಯಿತು. ವರ್ಡ್‌ಪ್ರೆಸ್‌ಗೆ ತನ್ನದೇ ಗಡಿಯಾರವಿಲ್ಲ. ಯಾರಾದರೂ ತಾಣಕ್ಕೆ ಭೇಟಿ ಕೊಟ್ಟಾಗ ಮಾತ್ರ ಅದು ಬಾಕಿ ಕೆಲಸಗಳೇನಿವೆ ಎಂದು ನೋಡಿಕೊಳ್ಳುತ್ತದೆ. ಸಾವಿರಾರು ಓದುಗರಿರುವ ತಾಣಕ್ಕೆ ಇದು ಗೊತ್ತೇ ಆಗುವುದಿಲ್ಲ, ಆದರೆ ನಮ್ಮಂಥ ತಾಣಕ್ಕೆ ನಸುಕಿನಲ್ಲಿ ಬರುವವರು ಯಾರು? ಮೊದಲು ಬಂದವರ ಭೇಟಿಯೇ ಹೊಸ ದರವನ್ನು ಎಬ್ಬಿಸಿ, ಅವರಿಗೆ ಮಾತ್ರ ಹಳೆಯದನ್ನೇ ತೋರಿಸುತ್ತಿತ್ತು. ಹೋಸ್ಟಿಂಗ್ ಫಲಕದಲ್ಲಿ ಕ್ರಾನ್ ಎಂಬ ಸಮಯಸೂಚಿ ಇರುತ್ತದೆ. ಐದು ನಿಮಿಷಕ್ಕೊಮ್ಮೆ ತಾಣವನ್ನು ತಟ್ಟುವಂತೆ ಅಲ್ಲಿ ಒಂದು ಸಾಲು ಸೇರಿಸಿದ ಮೇಲೆ ತೊಂದರೆ ನಿಂತಿತು.

ಚಿತ್ರಗಳ ವಿಷಯದಲ್ಲಿ ವರ್ಡ್‌ಪ್ರೆಸ್‌ನ ಕೆಲಸ ಮೆಚ್ಚುವಂಥದ್ದು. ಮೊಬೈಲಿನಲ್ಲಿ ತೆಗೆದ ಫೋಟೋ 4 ಎಂಬಿ ಇದ್ದರೂ ಅದನ್ನು 2560 ಪಿಕ್ಸೆಲ್‌ಗೆ ಇಳಿಸಿಕೊಂಡು, ಹಲವು ಅಳತೆಗಳ ಪ್ರತಿಗಳನ್ನು ಮಾಡಿ, ನೋಡುವವರ ತೆರೆಗೆ ತಕ್ಕದ್ದನ್ನು ಕಳಿಸುತ್ತದೆ. ಆದರೂ ಮೊದಲ ವರ್ಷ ಮುಖಪುಟದಲ್ಲಿ ತಾನಾಗಿ ಸರಿಯುವ ಐದು ದೊಡ್ಡ ಚಿತ್ರಗಳನ್ನು ನಾನು ಇಟ್ಟಿದ್ದೆ. ಚಿಂಚೋಳಿಯ ಕಡೆಯ ಒಂದು ಹಳ್ಳಿಯಲ್ಲಿ, ನಮಗೆ ತೊಗರಿ ಕೊಡುವ ರೈತರ ಅಂಗಳದಲ್ಲಿ ಕುಳಿತು ಅವರದೇ ಮೊಬೈಲಿನಲ್ಲಿ ನಮ್ಮ ತಾಣ ತೆರೆದು ನೋಡಿದೆ. ಬಿಳಿ ತೆರೆ, ನಡುವೆ ಒಂದು ಸುತ್ತುವ ಚಕ್ರ. ಅವರು ಚಹಾ ತರಿಸಿ, ನಾವಿಬ್ಬರೂ ಕುಡಿದು ಮುಗಿಸುವ ಹೊತ್ತಿಗೆ ಮೊದಲ ಚಿತ್ರ ಅರ್ಧ ಬಂದಿತ್ತು. ದರದ ಕೋಷ್ಟಕ ಅದರ ಕೆಳಗಿತ್ತು. ಅಂದು ಸಂಜೆಯೇ ಆ ಐದು ಚಿತ್ರಗಳನ್ನು ತೆಗೆದು, ಕೋಷ್ಟಕವನ್ನು ಮೇಲಕ್ಕೆ ತಂದು, ಫಾಂಟ್ ಇಳಿಯುವವರೆಗೆ ಮೊಬೈಲಿನ ಸ್ವಂತ ಕನ್ನಡ ಅಕ್ಷರಗಳಲ್ಲೇ ಪಠ್ಯ ಕಾಣುವಂತೆ ಮಾಡಿದೆ. ಜಾಲತಾಣ ಮಾಡಿದವರು ಕಚೇರಿಯ ವೈಫೈನಲ್ಲಿ ಮಾತ್ರ ಅದನ್ನು ನೋಡಿದರೆ ಏನೂ ತಿಳಿಯುವುದಿಲ್ಲ.

ಪ್ಲಗಿನ್‌ಗಳು ವರ್ಡ್‌ಪ್ರೆಸ್‌ನ ಬಲವೂ ಹೌದು, ಅಪಾಯವೂ ಹೌದು. ಉಚಿತವಾಗಿ ಸಿಗುವಂಥವೇ ಹತ್ತಾರು ಸಾವಿರ ಇವೆ. ದರದ ಕೋಷ್ಟಕಕ್ಕಾಗಿ ನಾನು ಹಾಕಿದ್ದ ಒಂದು ಪ್ಲಗಿನ್ ಅನ್ನು ಅದರ ಕರ್ತೃ ಎರಡು ವರ್ಷಗಳಿಂದ ಮುಟ್ಟಿರಲಿಲ್ಲ. ಆ ದಿನಾಂಕ ಪ್ಲಗಿನ್‌ನ ಪುಟದಲ್ಲೇ ಬರೆದಿತ್ತು, ನಾನು ನೋಡಿರಲಿಲ್ಲ. ವರ್ಡ್‌ಪ್ರೆಸ್ ನಡೆಯುವುದು ಸರ್ವರ್‌ನಲ್ಲಿರುವ ಪಿಎಚ್‌ಪಿ ಎಂಬ ಭಾಷೆಯ ಮೇಲೆ. ಅದರ 7.4 ಆವೃತ್ತಿಯ ಬೆಂಬಲ 2022ರ ನವೆಂಬರ್‌ನಲ್ಲಿ ಮುಗಿದಿತ್ತು. 2023ರ ಜನವರಿಯಲ್ಲಿ ಹೋಸ್ಟಿಂಗ್‌ನವರು ಸರ್ವರ್‌ನ ಪಿಎಚ್‌ಪಿಯನ್ನು 8ನೇ ಆವೃತ್ತಿಗೆ ಏರಿಸಿದ ರಾತ್ರಿ, ತೊಗರಿ ಆವಕ ಉತ್ತುಂಗದಲ್ಲಿದ್ದಾಗ, ನಮ್ಮ ತಾಣ ನಿಂತಿತು. ಆಗ ಕಾಪಾಡಿದ್ದು 2019ರ 5.2 ಆವೃತ್ತಿಯಿಂದ ಇರುವ ಚೇತರಿಕೆಯ ವ್ಯವಸ್ಥೆ. ಯಾವ ಪ್ಲಗಿನ್‌ನಿಂದ ದೋಷ ಉಂಟಾಯಿತೆಂದು ಹೆಸರು ಸಮೇತ ಬರೆದು, ಒಳಹೋಗಲು ವಿಶೇಷ ಕೊಂಡಿಯೊಂದನ್ನು ಇಟ್ಟು ವರ್ಡ್‌ಪ್ರೆಸ್ ನನ್ನ ಇಮೇಲ್‌ಗೆ ಕಳಿಸಿತ್ತು. ಆ ಪ್ಲಗಿನ್ ನಿಲ್ಲಿಸಿದ ಕೂಡಲೇ ತಾಣ ಎದ್ದಿತು. ಕೋಷ್ಟಕವನ್ನು ಆಮೇಲೆ ಬ್ಲಾಕ್ ಸಂಪಾದಕದಲ್ಲೇ ಮಾಡಿಕೊಂಡೆ. ಪ್ಲಗಿನ್ ಬೇಕೇ ಇರಲಿಲ್ಲ. ಆಗ ಹದಿನಾರು ಇದ್ದವು, ಈಗ ನಾಲ್ಕಿವೆ.

ಭದ್ರತೆಗೆ ಸಂಬಂಧಿಸಿ ಒಂದು ದೂರು ಇದೆ. ತಪ್ಪು ಗುಪ್ತಪದವನ್ನು ಎಷ್ಟು ಸಲ ಬೇಕಾದರೂ ಹಾಕಿ ನೋಡಲು ಮೂಲ ತಂತ್ರಾಂಶ ಬಿಡುತ್ತದೆ, ಎರಡು ಹಂತದ ಪರಿಶೀಲನೆಯೂ ಅದರಲ್ಲಿಲ್ಲ. ಎರಡಕ್ಕೂ ಪ್ಲಗಿನ್ ಹಾಕಿಕೊಳ್ಳಬೇಕು. ಇಷ್ಟು ಜನ ಬಳಸುವ ತಂತ್ರಾಂಶ ಇದನ್ನು ಮೊದಲೇ ಕೊಡಬೇಕಿತ್ತು. ತಾಣಕ್ಕೂ ಓದುಗರಿಗೂ ನಡುವಿನ ಮಾಹಿತಿಯನ್ನು ಗುಪ್ತವಾಗಿಡುವ ಎಚ್‌ಟಿಟಿಪಿಎಸ್‌ಗೆ ಖರ್ಚಿಲ್ಲ, ಅದಕ್ಕೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆಯ ಪ್ರಮಾಣಪತ್ರ ಉಚಿತ, 90 ದಿನಗಳ ಅದರ ಅವಧಿಯನ್ನು ಹೋಸ್ಟಿಂಗ್‌ನವರ ವ್ಯವಸ್ಥೆಯೇ ನವೀಕರಿಸುತ್ತದೆ. ಡೊಮೈನ್ ಮತ್ತು ಹೋಸ್ಟಿಂಗ್ ಸೇರಿ ನಮಗೆ ವರ್ಷಕ್ಕೆ ನಾಲ್ಕು ಸಾವಿರ ರೂಪಾಯಿಯ ಆಸುಪಾಸು ಬೀಳುತ್ತದೆ. ದುಡ್ಡಿಗಿಂತ ಹೆಚ್ಚಾಗಿ ಖರ್ಚಾಗುವುದು ವಾರಕ್ಕೆ ಒಂದು ಗಂಟೆ: ನವೀಕರಣಗಳು, ಬ್ಯಾಕಪ್, ಮುರಿದ ಕೊಂಡಿಗಳ ತಪಾಸಣೆ. ಆ ಒಂದು ಗಂಟೆ ಕೊಡಲಾಗದವರು, ಅಂಗಡಿಯ ವಿಳಾಸ ಮತ್ತು ಸಮಯ ಮಾತ್ರ ತಿಳಿಸಬೇಕಾದವರು, ವರ್ಡ್‌ಪ್ರೆಸ್ ಹಾಕಿಕೊಳ್ಳದಿರುವುದೇ ಒಳ್ಳೆಯದು. ಒಂದು ಪುಟದ ಸರಳ ಎಚ್‌ಟಿಎಂಎಲ್ ಕಡತ ಅವರಿಗೆ ಸಾಕು, ಅದು ಕೆಡುವುದೂ ಇಲ್ಲ.

2024ರ ಸೆಪ್ಟೆಂಬರ್‌ನಿಂದ ಮುಲ್ಲೆನ್‌ವೆಗ್ ಅವರಿಗೂ ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಗೂ ನಡೆದಿರುವ ವಿವಾದ ಅಮೆರಿಕದ ನ್ಯಾಯಾಲಯಕ್ಕೆ ಹೋದಾಗ ನನಗೂ ಆತಂಕವಾಗಿತ್ತು. ಆದರೆ ಬಿ2ವನ್ನು ಉಳಿಸಿದ ಪರವಾನಗಿಯೇ ಇದನ್ನೂ ಕಾಯುತ್ತದೆ ಎಂಬ ನಂಬಿಕೆ ನನ್ನದು. ಅದಕ್ಕಿಂತ ಮುಖ್ಯವಾಗಿ, ನಮ್ಮ ಬರಹ, ಚಿತ್ರಗಳೆಲ್ಲ ನಮ್ಮ ಕೈಯಲ್ಲೇ ಇರಬೇಕು. ರಫ್ತು ಎಂಬ ಸಾಧನ ಕೊಡುವ ಕಡತದಲ್ಲಿ ಬರಹಗಳಿರುತ್ತವೆ, ಚಿತ್ರಗಳಿರುವುದಿಲ್ಲ. ಆದ್ದರಿಂದ ಬರಹಗಳಿರುವ ದತ್ತಸಂಚಯ (ಡೇಟಾಬೇಸ್) ಮತ್ತು ಚಿತ್ರಗಳ ಕಡತಕೋಶ ಎರಡನ್ನೂ ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ಇಳಿಸಿ ಮಿಲ್ಲಿನ ತಿಜೋರಿಯಲ್ಲಿ ಇಡುತ್ತೇನೆ.

ಕಳೆದ ಜೂನ್‌ನಲ್ಲಿ ಹೋಸ್ಟಿಂಗ್‌ನವರು ನವೀಕರಣದ ದರವನ್ನು ಎರಡು ಪಟ್ಟು ಮಾಡಿದಾಗ ಆ ಪೆನ್‌ಡ್ರೈವ್ ಕೆಲಸಕ್ಕೆ ಬಂತು. ಡೊಮೈನ್ ಈಗ ಅಪ್ಪನ ಹೆಸರಿನಲ್ಲಿ, ನಮ್ಮದೇ ಇಮೇಲ್‌ನಲ್ಲಿ ನೋಂದಣಿಯಾಗಿದೆ. ಬೇರೆ ಕಂಪನಿಯಲ್ಲಿ ಜಾಗ ತೆಗೆದುಕೊಂಡು, ಪೆನ್‌ಡ್ರೈವಿನ ದತ್ತಸಂಚಯ, ಚಿತ್ರಗಳು ಎರಡನ್ನೂ ಅಲ್ಲಿಗೆ ಏರಿಸಿ, ಡೊಮೈನ್ ಯಾವ ಸರ್ವರ್ ತೋರಿಸಬೇಕೆಂದು ಹೇಳುವ ನೇಮ್‌ಸರ್ವರ್ ಬದಲಿಸಲು ಒಂದು ಭಾನುವಾರದ ಮಧ್ಯಾಹ್ನ ಸಾಕಾಯಿತು. ಸೋಮವಾರ ಹತ್ತು ಗಂಟೆಗೆ ಕಾಕಾ ಎಂದಿನಂತೆ ಮೊಬೈಲ್ ತೆಗೆದು ದರ ಹಾಕಿದರು. ತಾಣ ಬೇರೆ ಕಡೆಗೆ ಹೋಗಿದೆ ಎಂದು ಅವರಿಗೆ ತಿಳಿದದ್ದು ಊಟದ ಹೊತ್ತಿಗೆ ನಾನು ಹೇಳಿದ ಮೇಲೆ.